ಹಲಗೆ ಗೋಡೆ ಇದ್ದ ಹೋಟೆಲು

ಕಳೆದ ವರ್ಷ ಉಪಜಿಲ್ಲಾ ಕಲೋತ್ಸವ ಮುಗಿಸಿ ಮಕ್ಕಳೊಂದಿಗೆ ಹಿಂತಿರುಗುವಾಗ ನಮಗೆ ಬಸ್ಸು ತಪ್ಪಿತು. ಯಕ್ಷಗಾನದ ತಂಡದಲ್ಲಿದ್ದ ಏಳು ಮಕ್ಕಳು, ನಾವಿಬ್ಬರು ಅಧ್ಯಾಪಕರು. ಮಕ್ಕಳ ಮುಖದ ಬಣ್ಣ ಪೂರ್ತಿ ಹೋಗಿರಲಿಲ್ಲ, ಹೊಟ್ಟೆಯಂತೂ ಪೂರ್ತಿ ಖಾಲಿ. ಬದಿಯಡ್ಕದಿಂದ ಕುಂಬಳೆಗೆ ಹೋಗುವ ದಾರಿಯ ಬದಿಯಲ್ಲಿ ಒಂದು ಹಂಚಿನ ಮನೆ. ಬೋರ್ಡಿಲ್ಲ. ಒಳಗಿನಿಂದ ಒಗ್ಗರಣೆಯ ಪರಿಮಳ ಬರುತ್ತಿತ್ತು, ಅಷ್ಟೇ ಗುರುತು. ಇಪ್ಪತ್ತು ವರ್ಷದಿಂದ ಅದೇ ದಾರಿಯಲ್ಲಿ ಓಡಾಡುವ ನಮಗೆ ಅದು ಹೋಟೆಲು ಎಂದು ಗೊತ್ತಿರಲಿಲ್ಲ ನೋಡಿ!

ಒಳಗೆ ನಾಲ್ಕು ಬೆಂಚು, ನಾಲ್ಕು ಉದ್ದದ ಮೇಜು. ಸಿಕ್ಕಿದ್ದು ಅವಲಕ್ಕಿ-ಸಜ್ಜಿಗೆ, ಬನ್ಸು, ಗೋಳಿಬಜೆ, ಚಾ. ಅವಲಕ್ಕಿಗೆ ಬೆಲ್ಲ, ಕಾಯಿತುರಿ, ಮೆಣಸಿನ ಪುಡಿ ಹಾಕಿ ಕೈಯಲ್ಲೇ ಕಲಸಿದ್ದು. ಸಜ್ಜಿಗೆಯ ಮೇಲೆ ಅದನ್ನು ಉದುರಿಸಿ ತಿನ್ನಬೇಕು. ನಮ್ಮ ಊರಿನವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ, ಆದರೆ ಸೊಲ್ಲಾಪುರ, ಹೊಸೂರು ಕಡೆಯ ಕನ್ನಡ ಶಾಲೆಗಳ ಸ್ನೇಹಿತರೂ ಓದುವುದರಿಂದ ಹೇಳಿದೆವು. ಬೆಲೆಯೂ ಕಡಿಮೆ. ಮಕ್ಕಳು ಎರಡೆರಡು ಸಲ ತಿಂದರು.

ತಿಂದು ಕೈ ತೊಳೆಯಲು ಎದ್ದ ಒಬ್ಬ ಹುಡುಗ ಮಧ್ಯದ ಮರದ ಕಂಬದ ಹತ್ತಿರ ನಿಂತುಬಿಟ್ಟ. ಕಂಬದಲ್ಲಿ ಮೇಲಿನಿಂದ ಕೆಳಗಿನ ತನಕ ಬೆರಳು ಹೋಗುವಷ್ಟು ಅಗಲದ ಒಂದು ಗೀರು. ಎದುರಿನ ಗೋಡೆಯಲ್ಲೂ ಅಂಥದ್ದೇ ಒಂದು. ನೆಲದ ಕೆಂಪು ಸಿಮೆಂಟಿನಲ್ಲಿ ಒಂದನ್ನೊಂದು ಸೇರಿಸುವ ಹಾಗೆ ಬೇರೆ ಬಣ್ಣದ ಪಟ್ಟಿ. "ಇಲ್ಲಿ ಗೋಡೆ ಇತ್ತಾ?" ಎಂದು ಕೇಳಿದ.

ಹೋಟೆಲಿನ ಯಜಮಾನರಿಗೆ ಎಪ್ಪತ್ತೈದು ದಾಟಿರಬಹುದು. ಗಲ್ಲಾದಲ್ಲಿ ಕೂತಿದ್ದವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇತ್ತು. ಅಪ್ಪನ ಕಾಲದಲ್ಲಿ. ಹಲಗೆಯದ್ದು" ಅಂದರು. ಯಾಕೆ ಎಂದು ಹುಡುಗ ಮತ್ತೆ ಕೇಳಿದ. "ಆಚೆ ಕೆಲವರು, ಈಚೆ ಕೆಲವರು. ಇನ್ನು ಕೆಲವರು ಹೊರಗೆ, ಅಂಗಳದಲ್ಲಿ." ಆ ಹಲಗೆಗಳು ಈಗ ಎಲ್ಲಿ ಎಂದು ನಾವು ಕೇಳಿದೆವು. ಒಳಗೆ ಅಕ್ಕಿ ತುಂಬಿಡುವ ಪೆಟ್ಟಿಗೆಯನ್ನು ತೋರಿಸಿದರು. ಮಾಡು ರಿಪೇರಿ ಮಾಡುವಾಗ ಗೋಡೆ ತೆಗೆದು ಪೆಟ್ಟಿಗೆ ಮಾಡಿಸಿದರಂತೆ. ಯಾರಾದರೂ ಹೇಳಿ ತೆಗೆಸಿದ್ದೋ? "ಇಲ್ಲ ಮಾಷ್ಟ್ರೆ. ಹೊರಗಿನವರು ಒಳಗೆ ಬಂದು ಕೂತರು. ಒಳಗಿನವರಲ್ಲಿ ಕೆಲವರು ಬರುವುದು ಬಿಟ್ಟರು. ಮತ್ತೆ ಗೋಡೆ ಯಾಕೆ?"

ಅಷ್ಟರಲ್ಲಿ ಬಸ್ಸು ಬಂತು. ಆದರೆ ಮಕ್ಕಳು ಪ್ರಶ್ನೆಯನ್ನು ಅಲ್ಲೇ ಬಿಟ್ಟು ಬರಲಿಲ್ಲ. ಹೋಟೆಲು ಎಂದರೆ ದುಡ್ಡು ಕೊಟ್ಟವರಿಗೆಲ್ಲ ತಿಂಡಿ ಕೊಡುವ ಜಾಗ, ಅಲ್ಲಿ ಗೋಡೆ ಹೇಗೆ ಬಂತು? ಸಮಾಜ ಪಾಠದ ಪುಸ್ತಕದಲ್ಲಿ ದೇವಸ್ಥಾನದ ಬಾಗಿಲು ಬರುತ್ತದೆ, ಬಾವಿ ಬರುತ್ತದೆ, ಕೆರೆ ಬರುತ್ತದೆ. ಹೋಟೆಲು ಬರುವುದಿಲ್ಲ. ಹಾಗಾಗಿ ನಾವೇ ಸ್ವಲ್ಪ ಹುಡುಕಿ ಓದಿ, ತರಗತಿಯಲ್ಲಿ ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೆಯದಾಗಿ, ಬೇಯಿಸಿದ ಅನ್ನವನ್ನು ದುಡ್ಡಿಗೆ ಮಾರುವುದು ನಮ್ಮ ಹಳ್ಳಿಗಳಲ್ಲಿ ಹಳೆಯ ವಾಡಿಕೆಯೇ ಅಲ್ಲ. ದಾರಿಹೋಕರಿಗೆ ಅರವಟ್ಟಿಗೆಯಲ್ಲಿ ನೀರು-ಬೆಲ್ಲ ಸಿಗುತ್ತಿತ್ತು, ಮಜ್ಜಿಗೆ ಸಿಗುತ್ತಿತ್ತು. ದೇವಸ್ಥಾನದಲ್ಲಿ, ಛತ್ರದಲ್ಲಿ ಊಟ ಇತ್ತು. ಆದರೆ ಅದು ಯಾರಿಗೆ, ಯಾವ ಸಾಲಿನಲ್ಲಿ, ಎಷ್ಟು ಹೊತ್ತಿಗೆ ಎಂಬುದೆಲ್ಲ ಜಾತಿಯ ಮೇಲೆ ನಿಂತಿತ್ತು. ಉಳಿದವರು ಬುತ್ತಿ ಕಟ್ಟಿಕೊಂಡು ಹೋಗಬೇಕು, ಇಲ್ಲವೇ ಸಂಬಂಧಿಕರ ಮನೆ ಹುಡುಕಬೇಕು. ಯಾರು ಬೇಯಿಸಿದ್ದು, ಯಾರು ಬಡಿಸಿದ್ದು, ಪಕ್ಕದಲ್ಲಿ ಯಾರು ಕೂತಿದ್ದಾರೆ ಎಂದು ಗೊತ್ತಿಲ್ಲದೆ ತಿನ್ನುವುದು ಆಗಿನವರಿಗೆ ದೊಡ್ಡ ಸಾಹಸವೇ.

ಇದನ್ನು ಬದಲಾಯಿಸಿದ್ದು ರೈಲು, ಕಚೇರಿ, ಕಾಲೇಜು ಮತ್ತು ಕಾರ್ಖಾನೆ. ನಮ್ಮ ಕರಾವಳಿಯ ರೈಲುದಾರಿ 1907ರಲ್ಲಿ ಮಂಗಳೂರು ತಲುಪಿತು. ಆಗ ಕಾಸರಗೋಡು ತಾಲೂಕು ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಆದ್ದರಿಂದ ಹೋಟೆಲಿನ ಕಥೆಯಲ್ಲಿ ಉಡುಪಿ, ಮಂಗಳೂರು, ಕಾಸರಗೋಡು ಬೇರೆ ಬೇರೆ ಅಲ್ಲ. ಊರು ಬಿಟ್ಟು ದೂರದ ಪಟ್ಟಣಕ್ಕೆ ಹೋದ ಗುಮಾಸ್ತರಿಗೆ, ವಿದ್ಯಾರ್ಥಿಗಳಿಗೆ ಅಡುಗೆ ಬೇಕು. ಇತ್ತ ಉಡುಪಿಯ ಅಷ್ಟಮಠಗಳಲ್ಲಿ, ದೇವಸ್ಥಾನಗಳಲ್ಲಿ ನೂರಾರು ಜನಕ್ಕೆ ಅಡುಗೆ ಮಾಡಿ ಪಳಗಿದ ಬಡ ಬ್ರಾಹ್ಮಣ ಹುಡುಗರಿದ್ದರು. ಜಮೀನಿಲ್ಲ, ಓದಿಲ್ಲ. 1923ರ ದೊಡ್ಡ ನೆರೆ ಬೇರೆ ಜಿಲ್ಲೆಯನ್ನು ಕಂಗೆಡಿಸಿತು. ಹೊರಟರು.

ಕಡಂದಲೆಯ ಕೃಷ್ಣರಾಯರು ಮದ್ರಾಸಿನಲ್ಲಿ ಪಾತ್ರೆ ತೊಳೆಯುವ ಕೆಲಸದಿಂದ ಮೇಲೆ ಬಂದು, 1920ರ ದಶಕದಲ್ಲಿ ಮೌಂಟ್ ರೋಡಿನಲ್ಲಿ 'ಉಡುಪಿ ಶ್ರೀಕೃಷ್ಣ ವಿಲಾಸ'ವನ್ನೂ 1938ರಲ್ಲಿ 'ವುಡ್‌ಲ್ಯಾಂಡ್ಸ್' ಹೋಟೆಲನ್ನೂ ನಡೆಸಿದರು. ಕಾರ್ಕಳ ಕಡೆಯ ಎ. ರಾಮ ನಾಯಕರು ಎಳೆಯ ವಯಸ್ಸಿನಲ್ಲೇ ಊರು ಬಿಟ್ಟು ಪಾತ್ರೆ ತೊಳೆದು, 1942ರಲ್ಲಿ ಮುಂಬಯಿಯ ಮಾಟುಂಗದಲ್ಲಿ 'ಉಡುಪಿ ಶ್ರೀಕೃಷ್ಣ ಬೋರ್ಡಿಂಗ್' ತೆರೆದರು. ಬೆಂಗಳೂರಿನ ಎಂ.ಟಿ.ಆರ್. ಶುರುವಾದದ್ದು 1924ರಲ್ಲಿ. ಇವರ ಸಾಧನೆಯ ಬಗ್ಗೆ ಬೇಕಾದಷ್ಟು ಲೇಖನಗಳಿವೆ, ನಾವು ಮತ್ತೆ ಹೊಗಳುವುದು ಬೇಡ. ಒಂದು ಮಾತು ಮಾತ್ರ: ದೊಡ್ಡ ಹೆಸರುಗಳೆಲ್ಲ ಪಾತ್ರೆ ತೊಳೆಯುವಲ್ಲಿಂದ ಶುರುವಾದವು ಎಂಬುದನ್ನು ಎಲ್ಲರೂ ಬರೆಯುತ್ತಾರೆ. ಪಾತ್ರೆ ತೊಳೆಯುತ್ತಲೇ ಮುಗಿದುಹೋದವರ ಲೆಕ್ಕ ಬರೆದವರಿಲ್ಲ.

ಹೋಟೆಲು ಬಂದ ಕೂಡಲೇ ಎಲ್ಲರೂ ಒಂದೇ ಬೆಂಚಿನಲ್ಲಿ ಕೂತರು ಎಂದು ನಾವೂ ತಿಳಿದಿದ್ದೆವು. ಹಾಗೆ ಆಗಲಿಲ್ಲ. ಮದ್ರಾಸು ಪ್ರಾಂತ್ಯದ 'ಕಾಫಿ ಕ್ಲಬ್ಬು'ಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ, ಉಳಿದವರಿಗೆ ಬೇರೆ ಕೋಣೆ. ದಲಿತರಿಗೆ ಬಾಗಿಲೇ ಇಲ್ಲ. 'ಬ್ರಾಹ್ಮಣರ ಹೋಟೆಲು' ಎಂಬ ಬೋರ್ಡು ಆಗ ಒಂದು ಜಾಹೀರಾತು, ಇಲ್ಲಿ ಅಡುಗೆ ಶುದ್ಧ ಎಂಬ ಖಾತರಿ. ಅಂದರೆ ಹೋಟೆಲಿನವರು ಮಾರುತ್ತಿದ್ದದ್ದು ದೋಸೆ-ಕಾಫಿಯನ್ನು ಮಾತ್ರವಲ್ಲ, ಮನೆಯ ಮಡಿಯನ್ನೂ ಸ್ವಲ್ಪ ಕಟ್ಟಿ ಮಾರುತ್ತಿದ್ದರು. ಹಲಗೆ ಗೋಡೆ ಬಂದದ್ದು ಇದಕ್ಕೇ.

ಲೋಟವನ್ನೇ ನೋಡಿ. ಅಂಚು ಹೊರಕ್ಕೆ ಬಾಗಿದ ಲೋಟದಿಂದ ತುಟಿ ತಾಗಿಸದೆ ಎತ್ತಿ ಕುಡಿಯುವುದು ಸುಲಭ. ನಮ್ಮ ಅಜ್ಜ-ಅಜ್ಜಿಯರು ಹಾಗೆ ಕುಡಿಯುತ್ತಿದ್ದದ್ದು ಚಂದಕ್ಕಲ್ಲ, ಎಂಜಲಾಗಬಾರದು ಎಂದು. ಬಾಳೆಲೆಯೂ ಹಾಗೆಯೇ. ಒಬ್ಬರು ಉಂಡದ್ದರಲ್ಲಿ ಇನ್ನೊಬ್ಬರು ಉಣ್ಣುವ ಪ್ರಶ್ನೆಯೇ ಇಲ್ಲ. ಆದರೆ ಹೋಟೆಲಿನಲ್ಲಿ ಲೋಟ ಎಲ್ಲರದ್ದು. ಬೆಳಿಗ್ಗೆ ಯಾರೋ ಕುಡಿದದ್ದು, ಸಂಜೆ ಇನ್ಯಾರೋ ಕುಡಿಯುವುದು. ಹೀಗಾಗಿ ಜಗಳ ಎಲ್ಲ ಕೊನೆಗೆ ಲೋಟಕ್ಕೇ ಬಂದು ನಿಲ್ಲುತ್ತಿತ್ತು. ನಮ್ಮ ಕಡೆ ಅದಕ್ಕೆ ಕಂಡುಕೊಂಡ ಉಪಾಯ ಗೆರಟೆ. ತೆಂಗಿನಕಾಯಿಯ ಚಿಪ್ಪು. ಅಂಗಳದಲ್ಲಿ ನಿಂತವರಿಗೆ ಮೇಲಿನಿಂದ ಗೆರಟೆಗೆ ಚಾ ಹೊಯ್ಯುವುದು. ಕುಡಿದವರು ಅದನ್ನು ತೊಳೆದು ಬೇಲಿಗೋ ಮಾಡಿಗೋ ಸಿಕ್ಕಿಸಿ ಹೋಗಬೇಕು. ನಾಳೆಗೂ ಅದೇ. ಇದನ್ನು ಕಂಡವರು, ಅದರಲ್ಲಿ ಕುಡಿದವರು ನಮ್ಮ ಊರುಗಳಲ್ಲಿ ಈಗಲೂ ಇದ್ದಾರೆ.

ಇದರ ವಿರುದ್ಧ ದನಿ ಎತ್ತಿದವರಲ್ಲಿ ಮೊದಲು ನೆನೆಯಬೇಕಾದವರು ನಮ್ಮ ಕಾಸರಗೋಡಿನಲ್ಲೇ 1859ರಲ್ಲಿ ಹುಟ್ಟಿದ ಕುದ್ಮುಲ್ ರಂಗರಾಯರು. ಮಂಗಳೂರಿನಲ್ಲಿ ವಕೀಲರಾಗಿದ್ದವರು. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಬಂದ ಮಕ್ಕಳಿಗೆ ಊಟದ ವ್ಯವಸ್ಥೆಯನ್ನೂ ಮಾಡಿದರು. ಸ್ವಂತ ಜಾತಿಯವರಿಂದ ಬಹಿಷ್ಕಾರ ಬಂತು, ಹೆದರಲಿಲ್ಲ. ಮಗಳು ರಾಧಾಬಾಯಿಯನ್ನು ಜಾತಿ ಮೀರಿ ಪಿ. ಸುಬ್ಬರಾಯನ್ ಅವರಿಗೆ ಕೊಟ್ಟು ಮದುವೆ ಮಾಡಿದರು. ಆ ಅಳಿಯ ಮುಂದೆ 1926ರಲ್ಲಿ ಮದ್ರಾಸು ಪ್ರಾಂತ್ಯದ ಮುಖ್ಯಮಂತ್ರಿಯಾದರು. ತನ್ನ ಶಾಲೆಯಲ್ಲಿ ಕಲಿತ ಮಗು ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಎಂಬುದು ರಂಗರಾಯರ ಆಸೆಯಾಗಿತ್ತು ಎಂದು ಮಂಗಳೂರಿನಲ್ಲಿ ಎಲ್ಲರೂ ಹೇಳುತ್ತಾರೆ. ಕಾಸರಗೋಡಿನ ಮಕ್ಕಳಿಗೆ ಅವರ ಹೆಸರೇ ಗೊತ್ತಿಲ್ಲ. ಆಚೆಯವರು ಅವರನ್ನು ತಮ್ಮವರೆಂದು ಓದುತ್ತಾರೆ, ಈಚೆಯ ಪಾಠಪುಸ್ತಕಕ್ಕೆ ಅವರು ಹೊರಗಿನವರು. ಗಡಿಯ ಮೇಲೆ ಹುಟ್ಟಿದವರ ಹಣೆಬರಹ ಇದು!

ಇನ್ನೊಂದು ಕಡೆಯಿಂದ ತಮಿಳುನಾಡಿನಲ್ಲಿ ಪೆರಿಯಾರರ ಚಳವಳಿ ಹೋಟೆಲನ್ನೇ ನೇರವಾಗಿ ಹಿಡಿಯಿತು. ರೈಲು ನಿಲ್ದಾಣಗಳ ಉಪಾಹಾರ ಮಂದಿರಗಳಲ್ಲಿ ಬ್ರಾಹ್ಮಣರಿಗೆ ಬೇರೆ, ಇತರರಿಗೆ ಬೇರೆ ಎಂದಿದ್ದ ಏರ್ಪಾಡು 1941ರಲ್ಲಿ ನಿಂತಿತು. ರೈಲು ಸರಕಾರದ್ದು, ಟಿಕೆಟು ಎಲ್ಲರಿಗೂ ಒಂದೇ. ಆದರೂ ಇಡ್ಲಿಗೆ ಅಲ್ಲಿಯ ತನಕ ಎರಡು ಕೋಣೆ ಇತ್ತು ಎಂದರೆ ಈಗಿನ ಮಕ್ಕಳು ನಂಬುವುದಿಲ್ಲ. 1957ರಲ್ಲಿ ಮದ್ರಾಸಿನ ತಿರುವಲ್ಲಿಕ್ಕೇಣಿಯ ಮುರಳಿ ಕೆಫೆಯ ಮುಂದೆ, ಬೋರ್ಡಿನಿಂದ 'ಬ್ರಾಹ್ಮಣ' ಎಂಬ ಶಬ್ದ ತೆಗೆಯಬೇಕೆಂದು ತಿಂಗಳುಗಟ್ಟಲೆ ಧರಣಿ ನಡೆದು ನೂರಾರು ಜನ ಜೈಲಿಗೆ ಹೋದರು. ಒಂದು ಶಬ್ದಕ್ಕೆ ಅಷ್ಟು ಯಾಕೆ ಎಂದು ನಮ್ಮ ಸಹೋದ್ಯೋಗಿಯೊಬ್ಬರು ಕೇಳಿದರು. ಬೋರ್ಡಿನ ಮೇಲೆ ಕನ್ನಡ ಇಲ್ಲದಿದ್ದರೆ ನಮಗೆ ಹೇಗೆ ಆಗುತ್ತದೆ ಎಂದು ನಾವು ತಿರುಗಿ ಕೇಳಿದೆವು. ಅವರು ನಕ್ಕು ಸುಮ್ಮನಾದರು. ಬೋರ್ಡು ನೋಡಿಯೇ ಅಲ್ಲವೇ ಒಳಗೆ ಹೋಗಬಹುದೋ ಇಲ್ಲವೋ ಎಂದು ಮನುಷ್ಯ ತೀರ್ಮಾನಿಸುವುದು?

ಅಷ್ಟು ಹೊತ್ತಿಗೆ ಸಂವಿಧಾನ ಬಂದಾಗಿತ್ತು. 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿದ್ದು ಎಲ್ಲರಿಗೂ ಗೊತ್ತು. ಆದರೆ 15ನೇ ವಿಧಿಯ ಎರಡನೆಯ ಉಪವಿಧಿಯನ್ನು ಮಕ್ಕಳಿಂದ ಓದಿಸಿ ನೋಡಿ. ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲು ಎಂದು ಅಲ್ಲಿ ಹೆಸರು ಹಿಡಿದೇ ಹೇಳಿದೆ. ದೇಶದ ಸಂವಿಧಾನ ಬರೆಯುವವರು ಚಾದಂಗಡಿಯನ್ನೂ ನೆನಪಿಟ್ಟುಕೊಂಡಿದ್ದರು! 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹೋಟೆಲಿನ ಒಳಗೆ ಬಿಡದಿದ್ದರೆ ಮಾತ್ರ ತಪ್ಪಲ್ಲ, ಹೋಟೆಲಿನಲ್ಲಿ ಜನರ ಬಳಕೆಗೆ ಇಟ್ಟ ಪಾತ್ರೆಗಳನ್ನು ಬಳಸಲು ಬಿಡದಿದ್ದರೂ ತಪ್ಪು ಎಂದು ನಾಲ್ಕನೆಯ ಸೆಕ್ಷನಿನಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಆರು ತಿಂಗಳ ತನಕ ಸೆರೆ, ಅಥವಾ 500 ರೂಪಾಯಿ ತನಕ ದಂಡ, ಅಥವಾ ಎರಡೂ. ಪಾತ್ರೆ ಎಂಬ ಶಬ್ದವನ್ನು ಕಾಯಿದೆಯಲ್ಲಿ ಸೇರಿಸಿದವರು ಗೆರಟೆಯನ್ನು ಕಂಡವರೇ ಇರಬೇಕು ಎಂದು ನಮಗೆ ಅನಿಸುತ್ತದೆ. 1976ರಲ್ಲಿ ಈ ಕಾಯಿದೆ ಬಿಗಿಯಾಗಿ, ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂಬ ಹೊಸ ಹೆಸರು ಪಡೆಯಿತು.

ಕಾಯಿದೆ ಬಂದ ಮರುದಿನ ಗೆರಟೆ ಹೋಯಿತೇ? ಇಲ್ಲ. ಯಾರ ಗದ್ದೆಯಲ್ಲಿ ದುಡಿಯುತ್ತಾರೋ ಅವರ ಎದುರಿನ ಬೆಂಚಿನಲ್ಲಿ ಹೋಗಿ ಕೂರುವ ಧೈರ್ಯ ಎಲ್ಲಿಂದ ಬರಬೇಕು? ಕೂತರೆ ನಾಳೆ ಕೆಲಸ ಇಲ್ಲ, ಇರುವ ಗುಡಿಸಲೂ ಇಲ್ಲ. ನಮ್ಮ ಅಭಿಪ್ರಾಯದಲ್ಲಿ ಕಾಸರಗೋಡಿನ ಬೆಂಚುಗಳನ್ನು ನಿಜವಾಗಿ ಬದಲಾಯಿಸಿದ್ದು ಎರಡು ಸಂಗತಿಗಳು. ಒಂದು, 1970ರ ಜನವರಿ 1ರಿಂದ ಜಾರಿಗೆ ಬಂದ ಭೂಸುಧಾರಣೆ. ಗೇಣಿ ಹೋಯಿತು, ಗುಡಿಸಲಿದ್ದ ಹತ್ತು ಸೆಂಟ್ಸು ಜಾಗವಾದರೂ ತನ್ನದಾಯಿತು. ಇನ್ನೊಂದು, ಬೀಡಿಯ ದುಡ್ಡು. ವಾರಕ್ಕೊಮ್ಮೆ ಕೈಗೆ ನಗದು ಬರುವವನು ಚಾ ಬೇಡುವುದಿಲ್ಲ, ಕೊಳ್ಳುತ್ತಾನೆ. ಬೀಡಿ ಕೆಲಸಗಾರರು ಕೂತಲ್ಲಿ ಒಬ್ಬ ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು ಉಳಿದವರು ಕೇಳುವುದು ಈ ಕಡೆಯ ರೂಢಿ. ಅದೇ ಚರ್ಚೆ ಸಂಜೆ ಚಾದಂಗಡಿಗೆ ಬರುತ್ತಿತ್ತು. ಕಾಯಿದೆ ಪುಸ್ತಕದಲ್ಲಿದ್ದದ್ದನ್ನು ಬೆಂಚಿಗೆ ತಂದವರು ಇವರು. ಹೋಟೆಲಿನ ಯಜಮಾನರು "ಯಾರೂ ಹೇಳಲಿಲ್ಲ, ಹೊರಗಿನವರು ಬಂದು ಕೂತರು" ಅಂದರಲ್ಲ, ಆ ಬಂದು ಕೂತ ಮೊದಲನೆಯವರಿಗೆ ಎದೆ ಎಷ್ಟು ಹೊಡೆದುಕೊಂಡಿರಬೇಕು!

ಅಂದ ಹಾಗೆ ಇನ್ನೊಂದು ವಿಷಯ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಿ ನೌಕರರನ್ನು ಮನೆಗೆ ಕಳಿಸಿದಾಗ, ಆ ನೌಕರರೇ ಸಹಕಾರ ಸಂಘ ಕಟ್ಟಿ ಹೋಟೆಲು ನಡೆಸುವಂತೆ ಬೆನ್ನಿಗೆ ನಿಂತವರು ಎ.ಕೆ. ಗೋಪಾಲನ್. ಮೊದಲ ಸಂಘ 1957ರಲ್ಲಿ ಬೆಂಗಳೂರಿನಲ್ಲಿ, ಕೇರಳದ ಮೊದಲ ಇಂಡಿಯನ್ ಕಾಫಿ ಹೌಸ್ 1958ರಲ್ಲಿ ತೃಶ್ಶೂರಿನಲ್ಲಿ. ಆಗ ಎ.ಕೆ.ಜಿ. ಕಾಸರಗೋಡಿನ ಲೋಕಸಭಾ ಸದಸ್ಯರು. ಬಡಿಸುವವನೇ ಯಜಮಾನ ಎಂಬ ಹೋಟೆಲು ಅದು.

ಬಡಿಸುವವನ ಮಾತು ಬಂತು, ಈಗ ಮಾಣಿಯ ವಿಷಯ. ಅಧ್ಯಾಪಕರಾದ ನಮಗೆ ಇದು ಹೆಚ್ಚು ಕುಟುಕುವ ಸಂಗತಿ. ನಮ್ಮ ಶಾಲೆಯ ಹಳೆಯ ದಾಖಲಾತಿ ಪುಸ್ತಕ ತೆಗೆದರೆ ನಾಲ್ಕನೇ, ಐದನೇ ತರಗತಿಯಲ್ಲಿ ಹೆಸರು ಹೊಡೆದುಹಾಕಿದ ಹುಡುಗರು ಸಾಲಾಗಿ ಸಿಗುತ್ತಾರೆ. ಕಾರಣದ ಕಾಲಮಿನಲ್ಲಿ 'ದೀರ್ಘ ಗೈರುಹಾಜರಿ'. ಊರಿನ ಹಿರಿಯರನ್ನು ಕೇಳಿದರೆ, "ಓ, ಅವನು ಬೊಂಬಾಯಿಗೆ ಹೋದದ್ದು, ಹೋಟೆಲಿಗೆ" ಎನ್ನುತ್ತಾರೆ. ಪರಿಚಯದವರು ಬಂದಾಗ ಅವರೊಟ್ಟಿಗೆ ಕಳಿಸುವುದು. ಮಲಗಲು ಹೋಟೆಲಿನ ಮೇಜು, ಊಟಕ್ಕೆ ಉಳಿದದ್ದು. ಆ ಮಕ್ಕಳಿಗೆ ಅಕ್ಷರ ಉಳಿಸಿಕೊಟ್ಟದ್ದು ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು. ಮೊಗವೀರರ ಸಂಘ, ಬಿಲ್ಲವರ ಸಂಘ ಮೊದಲಾದವು ನಡೆಸಿದ ಆ ರಾತ್ರಿ ಶಾಲೆಗಳಲ್ಲಿ ಹಗಲಿಡೀ ಲೋಟ ತೊಳೆದ ಹುಡುಗರು ರಾತ್ರಿ ಕನ್ನಡ ಮಾಧ್ಯಮದಲ್ಲಿ ಓದಿ ಎಸ್.ಎಸ್.ಎಲ್.ಸಿ. ಪಾಸು ಮಾಡಿದರು. ಕೆಲವರು ವಕೀಲರಾದರು, ಬ್ಯಾಂಕು ಸೇರಿದರು, ಕೆಲವರು ಬರಹಗಾರರೂ ಆದರು. ಕನ್ನಡ ಮಾಧ್ಯಮದಲ್ಲಿ ಓದಿ ಏನು ಪ್ರಯೋಜನ ಎಂದು ಶಾಲೆಗೆ ಬಂದು ಕೇಳುವ ಪೋಷಕರಿಗೆ ನಾವು ಈ ಕಥೆ ಹೇಳುವುದುಂಟು. ಹೇಳಿದ ಮೇಲೆ, ಓದಲಾಗದೆ ಅಲ್ಲೇ ಉಳಿದವರು ಇದಕ್ಕಿಂತ ಎಷ್ಟೋ ಹೆಚ್ಚು ಎಂಬುದೂ ನೆನಪಾಗುತ್ತದೆ. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸಬಾರದು ಎಂಬ ಆದೇಶ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಅಷ್ಟು ತಡವಾಗಿ!

ಈಗ ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿ ಗಾಜಿನ ಬಾಗಿಲಿನ ದೊಡ್ಡ ದೊಡ್ಡ ಹೋಟೆಲುಗಳು ಬಂದಿವೆ. ಯಾರು ಬೇಕಾದರೂ ಹೋಗಬಹುದು. ಒಳ್ಳೆಯದೇ. ಆದರೆ ಅಲ್ಲಿ ಕಂಬದಲ್ಲಿ ಗೀರು ಹುಡುಕಿದರೆ ಸಿಗುವುದಿಲ್ಲ. ಹಂಚಿನ ಮಾಡಿನ ಹೋಟೆಲುಗಳು ಒಂದೊಂದಾಗಿ ಮುಚ್ಚುತ್ತಿವೆ. ನಮ್ಮ ಸ್ನೇಹಿತರಲ್ಲಿ ವಿನಂತಿ: ನಿಮ್ಮ ಊರಿನ ಹಳೆಯ ಹೋಟೆಲು, ಖಾನಾವಳಿ, ಚಾದಂಗಡಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ತಿಂಡಿ ತಿನ್ನಿಸಿ. ನೆಲ, ಕಂಬ, ಹಿಂದಿನ ಬಾಗಿಲು ನೋಡಿಸಿ. ಯಜಮಾನರಿಗೆ ಬೇಸರವಾಗದ ಹಾಗೆ ಕೇಳಿಸಿ.

ಆ ಕಲೋತ್ಸವದ ನಂತರದ ಸೋಮವಾರ, ಕಂಬ ನೋಡಿದ ಹುಡುಗ ತರಗತಿ ಮುಗಿದ ಮೇಲೆ ನಮ್ಮ ಹತ್ತಿರ ಬಂದ. ಮನೆಯಲ್ಲಿ ಅಜ್ಜನಿಗೆ ಹೋಟೆಲಿನ ವಿಷಯ ಹೇಳಿದನಂತೆ. ಅಜ್ಜನಿಗೆ ಹೋಟೆಲು ಗೊತ್ತು. ಹುಡುಗನಾಗಿದ್ದಾಗ ಅಪ್ಪನ ಜೊತೆ ಅದೇ ಅಂಗಳದಲ್ಲಿ ನಿಂತು ಚಾ ಕುಡಿದದ್ದು ನೆನಪಿದೆ.

"ಅಜ್ಜ ಎಂತ ಹೇಳಿದರು?" ಎಂದು ಕೇಳಿದೆವು.

"ಗೆರಟೆ ಸಣ್ಣದು, ಚಾ ಬಿಸಿ. ಹಿಡಿಯಲಿಕ್ಕೆ ಆಗುತ್ತಿರಲಿಲ್ಲ, ಬಿಡಲಿಕ್ಕೂ ಆಗುತ್ತಿರಲಿಲ್ಲ ಅಂದರು."

"ಮತ್ತೆ?"

"ಮತ್ತೆ ಎಂತ ಇಲ್ಲ. ನಾನು ಎಲ್ಲಿ ಕೂತದ್ದು ಅಂತ ಕೇಳಿದರು. ಒಳಗೆ, ಗಲ್ಲಾದ ಹತ್ತಿರದ ಬೆಂಚಿನಲ್ಲಿ ಅಂತ ಹೇಳಿದೆ. ಬನ್ಸು ಹೇಗಿತ್ತು ಅಂತ ಕೇಳಿದರು."

ಅಜ್ಜನನ್ನೂ ಒಮ್ಮೆ ಕರೆದುಕೊಂಡು ಹೋಗೋಣವೇ ಎಂದೆವು. ಹುಡುಗ ತಲೆ ಅಲ್ಲಾಡಿಸಿದ. ಅಜ್ಜ ಈಗಲೂ ಯಾವ ಹೋಟೆಲಿನ ಒಳಗೂ ಕೂರುವುದಿಲ್ಲವಂತೆ. ಬೇಕಾದರೆ ಕಟ್ಟಿಸಿಕೊಂಡು ಬಂದು ಮನೆಯ ಜಗಲಿಯಲ್ಲಿ ಕೂತು ತಿನ್ನುತ್ತಾರೆ. ಮುಂದಿನ ಸಲ ಆ ದಾರಿಯಲ್ಲಿ ಹೋದಾಗ ನಾವು ನಾಲ್ಕು ಬನ್ಸು ಕಟ್ಟಿಸಿ ಹುಡುಗನ ಕೈಯಲ್ಲಿ ಕಳಿಸಿದೆವು.